ಮೂರು ಮಾತ್ರೆಯ ಗಣ

ಸಮ್ಮೇಳನದ ಸ್ಮರಣ ಸಂಚಿಕೆಗೆ ಇಂಗ್ಲೆಂಡಿನ ಪ್ರವಾಸ ಕಥನವೊಂದನ್ನು ಬರೆದು ಕಳುಹಿಸಬೇಕೆಂದು ಸಂಘದ ಗೆಳೆಯರು ಕೇಳಿದ್ದಾರೆ. ಆರು ತಿಂಗಳ ವೀಸಾ ಪಡೆದು ಮಗಳ ಮನೆಗೆ ಬಂದು ಕುಳಿತ ನಿವೃತ್ತ ಮುಖ್ಯಾಧ್ಯಾಪಕನಿಂದ ಇನ್ನೇನನ್ನು ತಾನೇ ನಿರೀಕ್ಷಿಸಲಾದೀತು? ಆದರೆ ಲಂಡನ್ನಿನ ಸೇತುವೆ, ಅರಮನೆಯ ಕಾವಲುಗಾರರು, ಶೇಕ್ಸ್‌ಪಿಯರನ ಹುಟ್ಟೂರು ಇವೆಲ್ಲ ನಮ್ಮ ಸಂಚಿಕೆಗಳಲ್ಲಿ ಸಾಕಷ್ಟು ಸಲ ವರ್ಣಿತವಾಗಿವೆ. ನನಗಿಂತ ಚೆನ್ನಾಗಿ ಬರೆಯಬಲ್ಲವರು ಬರೆದಿದ್ದಾರೆ. ಆದ್ದರಿಂದ ನಾನು ಇನ್ನೂ ಕಾಲಿಡದಿರುವ ಊರೊಂದರ ಬಗ್ಗೆ ಬರೆಯುತ್ತೇನೆ. ಈ ಸೆಪ್ಟೆಂಬರಿನ ಮೂರನೆಯ ವಾರಾಂತ್ಯದಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ, ನಾನೂ ನನ್ನ ಹೆಂಡತಿಯೂ ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿಗೆ ಕುಣಿಯಲು ಹೊರಟಿದ್ದೇವೆ. ಮೂರು ದಿನದ ಪಯಣಕ್ಕೆ ಎರಡು ತಿಂಗಳಿನಿಂದ ಸಿದ್ಧತೆ ನಡೆದಿದೆ. ಹೋಗಿಬಂದ ಮೇಲೆ ಬರೆಯೋಣವೆಂದರೆ ಸಂಚಿಕೆ ಅಚ್ಚಿಗೆ ಹೋಗಿಬಿಡುತ್ತದೆ. ಹೀಗಾಗಿ ನನ್ನ ಪಾಲಿಗೆ ದಕ್ಕಿರುವುದು ಸಿದ್ಧತೆಯ ಕಥನ ಮಾತ್ರ.

ನನಗೀಗ 71 ವರ್ಷ, ಅವಳಿಗೆ 66. ಸೋಲಾಪುರದಲ್ಲಿ ನಮ್ಮನ್ನು ಬಲ್ಲವರು ಈ ಸುದ್ದಿ ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಯಾರೋ ಬೇರೆಯವರಿರಬೇಕು ಅನ್ನುತ್ತಾರೆ. ಮದುವೆಯಾಗಿ 43 ವರ್ಷಗಳಾದರೂ ನಾವು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತ ಸಂದರ್ಭಗಳನ್ನು ಬೆರಳಿನಲ್ಲಿ ಎಣಿಸಬಹುದು. ಹೆಂಗಸರು ಮುಂದೆ, ಗಂಡಸರು ಹಿಂದೆ ಕೂರುವ ಕಾಲ ಅದು. ರಸ್ತೆಯಲ್ಲಾದರೆ ಅದೇ ತಿರುವುಮುರುವು: ನಾನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ. ನಮ್ಮ ತಾಯಿ ತಂದೆಯರು ಹಾಗೆ ನಡೆದಿದ್ದರು, ನಾವೂ ನಡೆದೆವು.

ನಾಲ್ಕು ವರ್ಷಗಳ ಹಿಂದೆ ರೊಟ್ಟಿ ತಟ್ಟುವಾಗ ಅವಳ ಬಲಗೈ ಅವಳ ಮಾತು ಕೇಳದಾಯಿತು. ತಟ್ಟುತ್ತಿರುವಾಗ ನೆಟ್ಟಗಿರುತ್ತಿದ್ದ ಕೈ, ಸುಮ್ಮನೆ ತೊಡೆಯ ಮೇಲೆ ಇಟ್ಟಾಗ ನಡುಗುತ್ತಿತ್ತು. ನರರೋಗದ ವೈದ್ಯರು ಪಾರ್ಕಿನ್ಸನ್ ಎಂದರು. ಲೆವೊಡೋಪಾ ಎಂಬ ಔಷಧಿ, ದಿನಕ್ಕೆ ಮೂರು ಮಾತ್ರೆ. ಕೈನಡುಕ ನಮ್ಮನ್ನು ಅಷ್ಟಾಗಿ ಕಾಡಲಿಲ್ಲ, ಕಾಡಿದ್ದು ಕಾಲು. ನಡೆಯುತ್ತ ನಡೆಯುತ್ತ ಹೊಸ್ತಿಲಿನ ಹತ್ತಿರ ಬಂದೊಡನೆ ಪಾದಗಳು ನೆಲಕ್ಕೆ ಅಂಟಿಕೊಂಡಂತಾಗಿ ಅವಳು ನಿಂತುಬಿಡುವಳು. ಮನಸ್ಸು ಮುಂದೆ ಹೋಗಿರುತ್ತದೆ, ಕಾಲು ಹಿಂದೆಯೇ ಉಳಿದಿರುತ್ತದೆ. ಹಿಡಿದು ಎಳೆದರೆ ಬೀಳುತ್ತಾಳೆ. ಈ ರೋಗದ ವಿಚಿತ್ರವೆಂದರೆ, ಒಳಗಿನಿಂದ ಬಾರದ ಅಪ್ಪಣೆ ಹೊರಗಿನಿಂದ ಬಂದರೆ ಕಾಲು ಅದನ್ನು ಪಾಲಿಸುತ್ತದೆ. ನೆಲದ ಮೇಲೆ ಅಡ್ಡಗೆರೆ ಎಳೆದರೆ ಅದನ್ನು ಸರಾಗವಾಗಿ ದಾಟುತ್ತಾಳೆ. ಯಾರಾದರೂ ತಾಳ ಹಾಕಿದರೆ ತಾಳಕ್ಕೆ ಸರಿಯಾಗಿ ಹೆಜ್ಜೆ ಇಡುತ್ತಾಳೆ. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ ನಮ್ಮ ಪಡಸಾಲೆಯ ತುಂಬ ಸೀಮೆಸುಣ್ಣದಿಂದ ಗೆರೆ ಎಳೆದಿದ್ದಳು. 34 ವರ್ಷ ಕರಿಹಲಗೆಯ ಮೇಲೆ ಗೆರೆ ಎಳೆದ ನನಗೆ ಆ ಗೆರೆಗಳ ಉಪಯೋಗ ಹೊಸದು. ಒಂದು ಸಂಜೆ ಬಾಗಿಲಲ್ಲಿ ಅವಳು ಹೀಗೆ ನಿಂತಿದ್ದಾಗ ಓಣಿಯಲ್ಲಿ ಗಣಪತಿಯ ಮೆರವಣಿಗೆ ಬಂತು. ಲೇಜಿಮಿನ ಸದ್ದು ಹತ್ತಿರವಾಗುತ್ತಿದ್ದಂತೆ ಅವಳು ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ರಸ್ತೆಯ ಅಂಚಿನವರೆಗೆ ಹೋಗಿ ನಿಂತಳು.

ಇದನ್ನು ಫೋನಿನಲ್ಲಿ ಕೇಳಿಸಿಕೊಂಡಿದ್ದ ಮಗಳು ನಾವು ಬೋಲ್ಟನ್ನಿಗೆ ಬಂದ ಎರಡನೆಯ ವಾರವೇ ನಮ್ಮನ್ನು ಒಂದು ಚರ್ಚಿನ ಸಭಾಗೃಹಕ್ಕೆ ಕರೆದೊಯ್ದಳು. ಗುರುವಾರ ಮಧ್ಯಾಹ್ನ ಅಲ್ಲಿ ‘ಟೀ ಡಾನ್ಸ್’ ನಡೆಯುತ್ತದೆ. ನಿವೃತ್ತರಾದ ಹದಿನೈದಿಪ್ಪತ್ತು ಮಂದಿ ಸೇರಿ, ಹಳೆಯ ಹಾಡುಗಳಿಗೆ ಜೋಡಿಜೋಡಿಯಾಗಿ ಕುಣಿದು, ನಡುವೆ ಚಹಾ ಬಿಸ್ಕೀಟು ಸೇವಿಸಿ, ನಾಲ್ಕು ಗಂಟೆಗೆ ಮನೆಗೆ ಹೋಗುತ್ತಾರೆ. ಇಲ್ಲಿ ಸ್ಪರ್ಧೆಯಿಲ್ಲ, ಪ್ರದರ್ಶನವಿಲ್ಲ. ಎಲ್ಲ ಜೋಡಿಗಳೂ ಒಂದೇ ಸಮಯಕ್ಕೆ ಒಂದೇ ಹೆಜ್ಜೆಗಳನ್ನು ಇಡುವ ‘ಸೀಕ್ವೆನ್ಸ್’ ಎಂಬ ಬಗೆ ಈ ಜನಕ್ಕೆ ಹೆಚ್ಚು ಪ್ರಿಯ. ಹದಿನಾರು ಆವರ್ತಗಳಿಗೆ ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ನಮ್ಮ ಕೋಲಾಟವನ್ನು ಕೋಲಿಲ್ಲದೆ, ಸಂಗಾತಿಯ ಕೈ ಹಿಡಿದು ಆಡಿದರೆ ಹೇಗಿರುತ್ತದೋ ಹಾಗೆ. ಕಲಿಸುವಾಕೆ ಎಂಬತ್ತರ ಹತ್ತಿರದ ಹಿರಿಯೆ. ಬೆನ್ನು ಮಾತ್ರ ನಂದಿಧ್ವಜದ ಕೋಲಿನಷ್ಟು ನೇರ.

ಆ ಮೊದಲ ದಿನ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಎಲ್ಲರೆದುರು ಹೆಂಡತಿಯ ಬೆನ್ನಿಗೆ ಕೈಯಿಟ್ಟು ನಿಲ್ಲುವುದು ನನ್ನಿಂದಾಗುವ ಕೆಲಸವೆನಿಸಲಿಲ್ಲ. ಅವಳನ್ನು ಆ ಹಿರಿಯೆಯೇ ಎಬ್ಬಿಸಿ ನಿಲ್ಲಿಸಿಕೊಂಡರು. ಸಂಗೀತ ಶುರುವಾಯಿತು. ಬಚ್ಚಲಿನ ಬಾಗಿಲು ದಾಟಲು ಆ ಬೆಳಿಗ್ಗೆ ಐದು ನಿಮಿಷ ತೆಗೆದುಕೊಂಡಿದ್ದವಳು ಸಭಾಗೃಹದ ಉದ್ದಕ್ಕೂ ನಡೆದು, ಮೂಲೆಯಲ್ಲಿ ತಿರುಗಿ, ಇನ್ನೊಂದು ಗೋಡೆಯ ಗುಂಟ ವಾಪಸು ಬಂದಳು. ಮಗಳು ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಮುಂದಿನ ಗುರುವಾರ ನಾನು ಎದ್ದೆ.

ಇಲ್ಲೊಂದು ತೊಡಕು ಬಂತು. ಈ ಜೋಡಿನೃತ್ಯಗಳಲ್ಲಿ ರೂಢಿಯಂತೆ ಗಂಡು ಮುಂದಕ್ಕೆ ಹೆಜ್ಜೆಯಿಡುತ್ತಾನೆ, ಹೆಣ್ಣು ಹಿಂದಕ್ಕೆ ಇಡುತ್ತಾಳೆ. ನನ್ನ ಹೆಂಡತಿಗೆ ಹಿಂದಕ್ಕೆ ಹೆಜ್ಜೆಯಿಡುವುದೇ ಅಪಾಯ. ಈ ರೋಗದವರು ಬೀಳುವುದೇ ಬೆನ್ನ ಕಡೆಗೆ. ಹಿರಿಯೆ ಸ್ವಲ್ಪ ಹೊತ್ತು ನೋಡಿ, ನಮ್ಮಿಬ್ಬರ ಕೈಗಳನ್ನು ಬಿಡಿಸಿ, ಅದಲುಬದಲು ಮಾಡಿ ಮತ್ತೆ ಕೂಡಿಸಿದರು. ಇನ್ನು ಮೇಲೆ ಅವಳು ಮುಂದಕ್ಕೆ, ನಾನು ಹಿಂದಕ್ಕೆ. ಅವಳು ನಡೆಸುವವಳು, ನಾನು ಅನುಸರಿಸುವವನು. ನಾನು ಇದಕ್ಕೆ ಮುಖ ಸಪ್ಪಗೆ ಮಾಡಿದ್ದನ್ನು ಕಂಡು ಅವಳು, “ನಲವತ್ತ ಮೂರು ವರ್ಷ ನಾ ನಿಮ್ಮ ಹಿಂದ ಬಂದೀನಿ. ಈಗ ನೀವು ಹಿಂದಕ ಸರೀರಿ, ನಾ ಬರ್ತೀನಿ” ಎಂದಳು. ಆ ಮಾತಿನಲ್ಲಿ ಕಟಕಿ ಇತ್ತೋ ಇಲ್ಲವೋ ನಾನು ವಿಚಾರಿಸಲು ಹೋಗಿಲ್ಲ. ಹಿಂದೆ ಏನಿದೆ ಎಂದು ಕಾಣದೆ, ಎದುರಿನವರ ಮುಖವನ್ನೇ ನೋಡುತ್ತ, ಅವರನ್ನು ನಂಬಿ ಕಾಲು ಇಡುವುದು ಎಷ್ಟು ಕಷ್ಟವೆಂಬುದು ನನಗೆ ಎರಡೂವರೆ ತಿಂಗಳಿನಿಂದ ತಿಳಿಯುತ್ತಿದೆ.

ಮತ್ತೊಂದು ಆಕ್ಷೇಪಣೆ ಅವಳಿಂದಲೇ ಬಂತು. ಈ ಕುಣಿತದಲ್ಲಿ ಎಲ್ಲರೂ ಅಂಗಳದ ಸುತ್ತ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸಾಗಬೇಕು. ಜಗತ್ತಿನಲ್ಲೆಲ್ಲ ಇದೇ ಪದ್ಧತಿಯಂತೆ. “ಇದು ಉಲ್ಟಾ ಪ್ರದಕ್ಷಿಣಿ ಆತಲ್ರೀ” ಎಂದು ಅವಳು ನಿಂತುಬಿಟ್ಟಳು. ನಾನು ಇಂಗ್ಲಿಷಿನಲ್ಲಿ ಇದನ್ನು ಯಾರಿಗೆ ಹೇಗೆ ವಿವರಿಸಲಿ ಎಂದು ಯೋಚಿಸುತ್ತಿರುವಾಗಲೇ ಪರಿಹಾರವನ್ನೂ ಅವಳೇ ಕಂಡುಕೊಂಡಳು. ಶಿವಾಲಯದಲ್ಲಿ ಸೋಮಸೂತ್ರವನ್ನು ದಾಟಬಾರದೆಂದು ಗೋಮುಖಿಯವರೆಗೆ ಹೋಗಿ ಬಂದ ದಾರಿಯಲ್ಲೇ ಹಿಂದಿರುಗುತ್ತೇವಲ್ಲ, ಆ ಹಿಂದಿರುಗುವ ಅರ್ಧ ಇದು ಎಂದುಕೊಂಡರಾಯಿತು. ಉಳಿದರ್ಧವನ್ನು ಊರಿಗೆ ಹೋದ ಮೇಲೆ ಸಿದ್ಧರಾಮೇಶ್ವರನ ಗುಡಿಯಲ್ಲಿ ಹಾಕುವುದು.

ನನಗೆ ತಾಳ ಸುಲಭವಾಗಿ ಹತ್ತಲಿಲ್ಲ. ವಾಲ್ಟ್ಸ್ ಎಂಬುದರಲ್ಲಿ ಮೂರರ ಎಣಿಕೆ, ಫಾಕ್ಸ್‌ಟ್ರಾಟ್‌ನಲ್ಲಿ ನಾಲ್ಕರ ಎಣಿಕೆ. ಹಿರಿಯೆ ‘ವನ್ ಟೂ ತ್ರೀ’ ಎನ್ನುತ್ತಿದ್ದರೆ ನನ್ನ ಕಾಲು ಯಾವುದನ್ನೂ ಒಪ್ಪುತ್ತಿರಲಿಲ್ಲ. ಕೊನೆಗೆ ನಮ್ಮ ಛಂದಸ್ಸೇ ಕೈ ಹಿಡಿಯಿತು. ಮೂರು ಮೂರು ಮಾತ್ರೆಯ ಗಣಗಳೆಂದರೆ ಉತ್ಸಾಹ ರಗಳೆ. ನಾಲ್ಕು ನಾಲ್ಕು ಮಾತ್ರೆಯವು ಮಂದಾನಿಲ. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಪ್ರಸ್ತಾರ ಹಾಕಿಸುವಾಗ ಮಕ್ಕಳಿಂದ ಮೇಜು ಕುಟ್ಟಿಸಿ ಕಲಿಸುತ್ತಿದ್ದೆ; ಆ ಕುಟ್ಟುವಿಕೆ ಈಗ ನನ್ನ ಹಿಮ್ಮಡಿಗೆ ಬಂದಿದೆ. ವಾಲ್ಟ್ಸ್ ಶುರುವಾದೊಡನೆ ನಾನು ಒಳಗೊಳಗೇ ಲಘು ಲಘು ಲಘು ಎಂದುಕೊಳ್ಳುತ್ತೇನೆ. ಹೆಂಡತಿಗೆ ಇದನ್ನು ಹೇಳಿದಾಗ ಅವಳು, “ನನಗ ಮೂರು ಮಾತ್ರಿ ಡಾಕ್ಟ್ರು ಕೊಟ್ಟಾರ, ನಿಮಗ ಮೂರು ಮಾತ್ರಿ ಹರಿಹರ ಕೊಟ್ಟಾನ” ಎಂದಳು. ಮೇಷ್ಟರ ಮನೆಯಲ್ಲಿ ಇಷ್ಟು ವರ್ಷ ಬಾಳಿದ್ದಕ್ಕೆ ಅಷ್ಟು ಛಂದಸ್ಸು ಬಂದಿದ್ದರೆ ಆಶ್ಚರ್ಯವಿಲ್ಲ.

ಇನ್ನು ಬ್ಲ್ಯಾಕ್‌ಪೂಲ್. ಈ ಗುರುವಾರದ ಗುಂಪು ಪ್ರತಿವರ್ಷ ಒಂದು ವಾರಾಂತ್ಯ ಅಲ್ಲಿಗೆ ಹೋಗುತ್ತದೆ. ಏಕೆ ಅಲ್ಲಿಗೇ ಎಂದು ಕೇಳಿದ್ದಕ್ಕೆ ಹಿರಿಯೆ ಕೊಟ್ಟ ಉತ್ತರ ನನ್ನನ್ನು ನೇರವಾಗಿ ಸೋಲಾಪುರದ ಗಿರಣಿಯ ಬಾಗಿಲಿಗೆ ಕೊಂಡೊಯ್ದಿತು. ಬೋಲ್ಟನ್ ಹತ್ತಿ ಗಿರಣಿಗಳ ಊರು. ನೂಲುವ ‘ಮ್ಯೂಲ್’ ಯಂತ್ರವನ್ನು 1779ರಲ್ಲಿ ಕಂಡುಹಿಡಿದ ಸ್ಯಾಮ್ಯುಯೆಲ್ ಕ್ರಾಂಪ್ಟನ್ ಇಲ್ಲಿಯವನು. ಲ್ಯಾಂಕಶೈರಿನ ಇಂತಹ ಗಿರಣಿ ಊರುಗಳಲ್ಲಿ ವರ್ಷಕ್ಕೊಮ್ಮೆ ಒಂದು ವಾರ ಎಲ್ಲ ಗಿರಣಿಗಳೂ ಒಟ್ಟಿಗೆ ನಿಲ್ಲುತ್ತಿದ್ದವು. ‘ವೇಕ್ಸ್ ವೀಕ್’ ಎಂದು ಅದರ ಹೆಸರು. ಮೂಲದಲ್ಲಿ ಅದು ಊರ ಚರ್ಚಿನ ಜಾತ್ರೆ. 1846ರಲ್ಲಿ ಬ್ಲ್ಯಾಕ್‌ಪೂಲಿಗೆ ರೈಲು ಬಂದ ಮೇಲೆ ಜಾತ್ರೆಯ ವಾರ ಕಡಲಿನ ವಾರವಾಯಿತು. ಒಂದೊಂದು ಊರಿಗೆ ಒಂದೊಂದು ವಾರ. ಈ ವಾರ ಬೋಲ್ಟನ್ ಬರಿದಾದರೆ ಮುಂದಿನ ವಾರ ಇನ್ನೊಂದು ಊರು. ಓಣಿಗೆ ಓಣಿಯೇ ಬೀಗ ಹಾಕಿಕೊಂಡು ರೈಲು ಹತ್ತುತ್ತಿತ್ತು. ಆ ವಾರಕ್ಕೆ ಹೆಚ್ಚಿನವರಿಗೆ ಸಂಬಳವಿರಲಿಲ್ಲ. ಸಂಬಳಸಹಿತ ರಜೆಯ ಕಾಯದೆ ಬಂದದ್ದು 1938ರಲ್ಲಿ. ಅದಕ್ಕೆ ಮೊದಲು ಗಿರಣಿಯಲ್ಲೇ ಕೂಟ ಕಟ್ಟಿಕೊಂಡು, ವಾರವಾರವೂ ಒಂದಿಷ್ಟು ಚಿಲ್ಲರೆ ಕೂಡಿಟ್ಟು, ವರ್ಷದ ಕೊನೆಗೆ ಅದನ್ನೆತ್ತಿಕೊಂಡು ಹೋಗಿ ಕಡಲ ದಂಡೆಯಲ್ಲಿ ಖರ್ಚು ಮಾಡಿ ಬರುತ್ತಿದ್ದರು. ಹಿರಿಯೆಯ ಅಜ್ಜಿಯೂ ತಾಯಿಯೂ ನೇಯ್ಗೆಯ ಹೆಂಗಸರು. ತಾಯಿ ತಂದೆಯನ್ನು ಮೊದಲು ಕಂಡದ್ದೇ ಬ್ಲ್ಯಾಕ್‌ಪೂಲಿನ ನೃತ್ಯಗೃಹದಲ್ಲಂತೆ.

ನಮ್ಮ ತಂದೆಯೂ ಗಿರಣಿಯವರು. ಸೋಲಾಪುರದ ಮೊದಲ ಬಟ್ಟೆಗಿರಣಿ ಆರಂಭವಾದದ್ದು 1877ರಲ್ಲಿ. ಅಲ್ಲಿಂದಾಚೆ ನಮ್ಮ ಊರಿನ ಕನ್ನಡ, ತೆಲುಗು, ಮರಾಠಿ, ಉರ್ದು ಮನೆಗಳೆಲ್ಲ ಒಂದೇ ಭೋಂಗಾದ ಕೂಗಿಗೆ ಎದ್ದು ಮಲಗಿದವು. ತಂದೆಗೂ ರಜೆ ಇತ್ತು. 1948ರ ಕಾಯದೆಯಂತೆ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ಹಕ್ಕಿನ ರಜೆ. ಆ ರಜೆಯಲ್ಲಿ ಅವರು ಹಳ್ಳಿಗೆ ಹೋಗಿ ಅಣ್ಣನ ಹೊಲದಲ್ಲಿ ಬಿತ್ತನೆಗೆ ನಿಂತರು, ತಂಗಿಯರ ಮದುವೆ ಮಾಡಿದರು, ಅಮ್ಮನ ಬಾಣಂತನಕ್ಕೆ ಓಡಾಡಿದರು. ತಮಗಾಗಿ ತೆಗೆದುಕೊಂಡದ್ದೆಂದರೆ ಸಂಕ್ರಾಂತಿಯ ಗಡ್ಡೆಯ ಜಾತ್ರೆಯ ದಿನಗಳು ಮಾತ್ರ. ಬಿಳಿಯ ಬಾರಾಬಂದಿ ತೊಟ್ಟು ಏಳು ನಂದಿಧ್ವಜಗಳಲ್ಲೊಂದರ ಜೊತೆ 68 ಲಿಂಗಗಳ ದಾರಿಯಲ್ಲಿ ನಡೆಯುವಾಗ ಅವರ ನಡಿಗೆಯೇ ಬೇರೆಯಾಗಿರುತ್ತಿತ್ತು. ಅದೂ ಒಂದು ಕುಣಿತವೇ. ಆದರೆ ಅಲ್ಲಿ ಅಮ್ಮ ಇರುತ್ತಿರಲಿಲ್ಲ. ಅಮ್ಮ ಮಾಳಿಗೆಯ ಮೇಲಿನಿಂದ ನೋಡುತ್ತಿದ್ದಳು. ಗಂಡ ಹೆಂಡತಿ ಇಬ್ಬರೇ, ದೇವರ ಹರಕೆಯಿಲ್ಲದೆ, ಮದುವೆ ಮುಂಜಿಯ ನೆಪವಿಲ್ಲದೆ, ಸುಮ್ಮನೆ ಸಂತೋಷಕ್ಕಾಗಿ ಒಂದು ಊರಿಗೆ ಹೋಗಿಬರುವುದು ಅವರ ಬಾಳಿನಲ್ಲಿ ಒಮ್ಮೆಯೂ ಒದಗಲಿಲ್ಲ. ಇಬ್ಬರೂ ಸಮುದ್ರವನ್ನು ನೋಡದೆಯೇ ಹೋದರು. ಗಿರಣಿಯ ಸಂಬಳ ಲ್ಯಾಂಕಶೈರಿಗಿಂತ ಕಡಿಮೆ ಎಂಬುದಷ್ಟೇ ಇದಕ್ಕೆ ಕಾರಣವೆಂದು ನನಗೆ ಅನಿಸುವುದಿಲ್ಲ. ಹಣ ಕೂಡಿಡುವುದು ನಮ್ಮವರಿಗೂ ಗೊತ್ತಿತ್ತು. ಓಣಿಓಣಿಗೆ ಭಿಶಿ ಇತ್ತು. ಆದರೆ ಭಿಶಿ ಎತ್ತಿದ ದುಡ್ಡು ಬಂಗಾರಕ್ಕೆ, ಮದುವೆಗೆ, ಆಸ್ಪತ್ರೆಗೆ ಹೋಗುತ್ತಿತ್ತು. ಕುಣಿಯುವುದಕ್ಕೆಂದು ಭಿಶಿ ಹಾಕಿದವರನ್ನು ನಾನು ಕಂಡದ್ದು ಈ ಊರಿನಲ್ಲೇ.

ಗುಂಪಿನ ಭಿಶಿಯ ಲೆಕ್ಕ ಒಂದು ಹಳೆಯ ರಟ್ಟಿನ ನೋಟ್‌ಬುಕ್ಕಿನಲ್ಲಿದೆ. ಗುರುವಾರಕ್ಕೆ ತಲಾ ಐದು ಪೌಂಡು. ನಾವು ತಡವಾಗಿ ಸೇರಿದ್ದರಿಂದ ಹಿಂದಿನ ಬಾಕಿಯನ್ನು ಒಟ್ಟಿಗೆ ಕಟ್ಟಿದೆವು. ಅಳಿಯಂದಿರು ತಾವು ಕೊಡುತ್ತೇವೆಂದರು. ಹೆಂಡತಿ ಒಪ್ಪದೆ ನನ್ನ ಪಿಂಚಣಿಯ ಹಣದಿಂದಲೇ ಕೊಡಿಸಿದಳು.

ನಾವು ಕುಣಿಯಲಿರುವ ಟವರ್ ಬಾಲ್‌ರೂಮ್ ಕುರಿತು ಹಿರಿಯೆ ಹೇಳಿದ್ದನ್ನೂ ಓದಿ ತಿಳಿದದ್ದನ್ನೂ ಎರಡು ಮಾತಿನಲ್ಲಿ ಹೇಳಬೇಕು. 518 ಅಡಿಯ ಕಬ್ಬಿಣದ ಗೋಪುರವೊಂದು 1894ರಲ್ಲಿ ಆ ಊರಿನ ದಂಡೆಯ ಮೇಲೆ ಎದ್ದಿತು. ಅದರ ಬುಡದ ಕಟ್ಟಡದಲ್ಲಿ ಈಗಿರುವ ನೃತ್ಯಗೃಹ 1899ರದು. ರಂಗಮಂದಿರಗಳನ್ನು ಕಟ್ಟುವುದರಲ್ಲಿ ಹೆಸರಾದ ಫ್ರ್ಯಾಂಕ್ ಮ್ಯಾಚಮ್ ಅದನ್ನು ರೂಪಿಸಿದ. ಮಹಾಗನಿ, ಓಕ್, ವಾಲ್‌ನಟ್ ಮರಗಳ 30,602 ತುಂಡುಗಳನ್ನು ಜೋಡಿಸಿ ಮಾಡಿದ ನೆಲ. 1956ರಲ್ಲಿ ಬೆಂಕಿ ಬಿದ್ದು ಆ ನೆಲ ಹಾಳಾಯಿತು. ಎರಡು ವರ್ಷ ಕೆಲಸ ನಡೆದು ಮತ್ತೆ ಮೊದಲಿನಂತಾಯಿತು. ವುರ್ಲಿಟ್ಜರ್ ಎಂಬ ಭಾರಿ ಆರ್ಗನ್ ವಾದ್ಯವೊಂದು ಅಲ್ಲಿದೆ. ರೆಜಿನಾಲ್ಡ್ ಡಿಕ್ಸನ್ ಎಂಬಾತ 1930ರಿಂದ 1970ರವರೆಗೆ ನಲವತ್ತು ವರ್ಷ ಅಲ್ಲಿ ಆರ್ಗನ್ ನುಡಿಸಿದ. ಹಿಂದೆ ಆ ಗೃಹದಲ್ಲಿ ಹೆಂಗಸಿನ ಜೊತೆಗಲ್ಲದೆ ಗಂಡಸು ಕುಣಿಯಕೂಡದೆಂಬ ನಿಯಮವಿತ್ತಂತೆ. ಭಾನುವಾರ ಕುಣಿತವೇ ಇಲ್ಲದೆ ಭಕ್ತಿಸಂಗೀತ ಮಾತ್ರ ನಡೆಯುತ್ತಿತ್ತಂತೆ. ಜಗತ್ತಿನ ನುರಿತ ನರ್ತಕರು ಸೇರುವ ಸ್ಪರ್ಧೆ 1920ರಿಂದ ಅದೇ ಊರಿನ ವಿಂಟರ್ ಗಾರ್ಡನ್ಸ್‌ನಲ್ಲಿ ನಡೆಯುತ್ತ ಬಂದಿದೆ. ಅದು ನಮ್ಮಂಥವರ ದಾರಿಯಲ್ಲ. ಟವರಿನಲ್ಲಿ ಟಿಕೆಟು ಕೊಂಡ ಯಾರಾದರೂ ಕುಣಿಯಬಹುದು, ಬೇಡವಾದರೆ ಚಹಾ ಕುಡಿಯುತ್ತ ಕುಳಿತು ನೋಡಬಹುದು. ಒಳ್ಳೆಯ ಮರದ ನೆಲ ಕಾಲಿಟ್ಟಾಗ ಕೊಂಚ ಬಗ್ಗಿ ಮತ್ತೆ ಮೇಲಕ್ಕೆತ್ತುತ್ತದೆ ಎಂದು ಹಿರಿಯೆ ಹೇಳುತ್ತಾರೆ. ಹೆಂಡತಿ ಈ ಮಾತನ್ನು ಎರಡು ಸಲ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡಳು.

ಸೋಲಾಪುರದವನಾದ ನನಗೆ ಇಂಗ್ಲಿಷರ ನೃತ್ಯಗೃಹವೆಂದರೆ ಒಳಗೊಂದು ಚುಳುಕು ಇಲ್ಲದಿರಲಿಲ್ಲ. 1930ರ ಮೇ ತಿಂಗಳಿನಲ್ಲಿ ನಮ್ಮ ಊರಿಗೆ ಮಾರ್ಷಲ್ ಲಾ ಬಂದದ್ದು, 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಯರವಡಾ ಜೈಲಿನಲ್ಲಿ ಗಲ್ಲಿಗೇರಿದ್ದು ನಮ್ಮ ಓಣಿಗಳಲ್ಲಿ ಇಂದಿಗೂ ಜಾತ್ರೆಯ ಹೊತ್ತಿಗೆ ನೆನಪಾಗುವ ಸಂಗತಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗಾಂಧೀಜಿ ಇದೇ ಲ್ಯಾಂಕಶೈರಿನ ಡಾರ್ವೆನ್ ಊರಿಗೆ ಬಂದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದಲೂ ಕೆಲಸ ಕಳೆದುಕೊಂಡಿದ್ದ ನೇಕಾರರ ನಡುವೆಯೇ ನಿಂತರು. ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಕೈಯೆತ್ತಿ ಜಯಕಾರ ಮಾಡುತ್ತಿರುವ ಚಿತ್ರವನ್ನು ಬಹಳ ಜನ ನೋಡಿರಬಹುದು. ಆ ಹೆಂಗಸರೂ ವೇಕ್ಸ್ ವಾರದಲ್ಲಿ ಬ್ಲ್ಯಾಕ್‌ಪೂಲಿನ ರೈಲು ಹತ್ತಿದವರೇ ಇರಬೇಕು. ಗಲ್ಲಿನ ಆದೇಶಕ್ಕೆ ರುಜು ಹಾಕಿದವರು ಬೇರೆ, ಆ ನೆಲದ ಮೇಲೆ ಕುಣಿದವರು ಬೇರೆ. ಇಷ್ಟು ಯೋಚಿಸಿದ ಮೇಲೆ ನನ್ನ ಚುಳುಕು ಕಡಿಮೆಯಾಯಿತು.

ಸಿದ್ಧತೆಯಲ್ಲಿ ಮೊದಲ ಚರ್ಚೆ ಎದ್ದದ್ದು ವಸತಿಯ ಬಗ್ಗೆ. ಗುಂಪು ಹಲವು ವರ್ಷಗಳಿಂದ ಇಳಿದುಕೊಳ್ಳುವ ಬೋರ್ಡಿಂಗ್ ಹೌಸ್ ಹಳೆಯ ಕಾಲದ ಮೂರಂತಸ್ತಿನ ಮನೆ. ಮೆಟ್ಟಿಲುಗಳು ಇಕ್ಕಟ್ಟು, ಕಡಿದು, ನಡುವೆ ತಿರುವು. ಬೆಳಗಿನ ತಿಂಡಿ ಕೆಳಗೆ, ಕೋಣೆಗಳು ಮೇಲೆ. ನನ್ನ ಹೆಂಡತಿಗೆ ಅದು ಸಾಧ್ಯವಿರಲಿಲ್ಲ. ನಾವಿಬ್ಬರು ಬೇರೆ ಕಡೆ ಇಳಿಯುತ್ತೇವೆಂದು ಹೇಳಿದೆವು. ಮುಂದಿನ ಗುರುವಾರ ಹೋದಾಗ ಗುಂಪು ಆಗಲೇ ಆ ಮನೆಯ ಕೋಣೆಗಳನ್ನು ಬಿಟ್ಟು ಲಿಫ್ಟ್ ಇರುವ ಹೋಟೆಲೊಂದನ್ನು ಗೊತ್ತುಮಾಡಿತ್ತು. ತಲೆಗೆ 38 ಪೌಂಡು ಹೆಚ್ಚು. ಅವರಲ್ಲಿ ಕೆಲವರಿಗೆ ಅದು ಸಣ್ಣ ಮೊತ್ತವಲ್ಲವೆಂದು ನಾನು ಬಲ್ಲೆ. ಆ ಸಂಜೆ ನಾವು ಹೋಗುವುದೇ ಬೇಡವೆಂದು ಮನೆಯಲ್ಲಿ ಹೇಳಿದೆ. ಇನ್ನೊಬ್ಬರಿಗೆ ಹೊರೆಯಾಗಿ ಕುಣಿಯುವುದು ನನಗೆ ಸರಿ ಕಾಣಲಿಲ್ಲ. ಹೆಂಡತಿ ಹಿರಿಯೆಗೇ ಫೋನು ಹಚ್ಚಿಸಿದಳು. ಅವರು ನಕ್ಕು, ಈ ಗುಂಪಿನಲ್ಲಿರುವ ಮೊಣಕಾಲುಗಳಲ್ಲಿ ಅರ್ಧ ಕಾಲು ಭಾಗ ಲೋಹದವು. ಲಿಫ್ಟ್ ಬೇಕೆಂದು ಬಾಯಿಬಿಟ್ಟು ಹೇಳಲು ಎಲ್ಲರಿಗೂ ನಾಚಿಕೆಯಿತ್ತು, ನಿಮ್ಮಿಂದ ಒಂದು ನೆಪ ಸಿಕ್ಕಿತು ಎಂದರು. ಇದು ನಿಜವೋ ಸೌಜನ್ಯವೋ ಗೊತ್ತಿಲ್ಲ. ಹೆಂಡತಿ ಅದನ್ನು ನಿಜವೆಂದು ಸ್ವೀಕರಿಸಿ ಫೋನು ಇಟ್ಟಳು.

ಎರಡನೆಯದು ತಿಥಿ ನಿರ್ಣಯ. ಸೆಪ್ಟೆಂಬರಿನಲ್ಲಿ ಅಲ್ಲಿ ದೀಪೋತ್ಸವದ ಕಾಲ. 1879ರಲ್ಲಿ ಕೆಲವು ವಿದ್ಯುದ್ದೀಪ ಹೊತ್ತಿಸಿ ಆರಂಭಿಸಿದ್ದು ಈಗ ಮೈಲಿಗಟ್ಟಲೆ ಹಬ್ಬಿದೆ. ಆ ದೀಪ ನೋಡಲು ಜನಸಂದಣಿ ಸೇರುತ್ತದೆ, ಕೋಣೆಗಳಿಗೆ ಬೆಲೆ ಏರುತ್ತದೆ. ಸಂದಣಿಯಲ್ಲಿ ಅವಳ ಕಾಲು ಬೇಗ ಅಂಟಿಕೊಳ್ಳುತ್ತದೆಂದು ನಾನು ಜುಲೈ ತಿಂಗಳೇ ಲೇಸೆಂದೆ. ಆದರೆ ಜುಲೈನಲ್ಲಿ ಅವಳು ಇನ್ನೂ ಒಂದೇ ಕುಣಿತ ಕಲಿತಿದ್ದಳು. ಮೂರಾದರೂ ಬರದೆ ಹೋಗುವುದಿಲ್ಲವೆಂದು ಹಟ ಹಿಡಿದಳು. ಅಕ್ಟೋಬರಿನಲ್ಲಿ ವೀಸಾ ಮುಗಿಯುತ್ತದೆ. ಉಳಿದದ್ದು ಸೆಪ್ಟೆಂಬರು. ದೀಪಗಳನ್ನು ಟ್ರಾಮಿನಲ್ಲಿ ಕುಳಿತೇ ನೋಡುವುದೆಂದು ತೀರ್ಮಾನವಾಗಿದೆ.

ಮೂರನೆಯದು ಮಾತ್ರೆಗಳ ವೇಳಾಪಟ್ಟಿ. ಈ ಔಷಧಿ ಊಟಕ್ಕೆ ಅರ್ಧ ಗಂಟೆ ಮೊದಲೇ ಹೊಟ್ಟೆ ಸೇರಬೇಕು. ಬೇಳೆ, ಮೊಸರು, ಶೇಂಗಾ ಮುಂತಾದವು ಜೊತೆಗೆ ಬಿದ್ದರೆ ಅದರ ಕೆಲಸ ಕುಂಠಿತವಾಗುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಮಾತ್ರೆ, ಒಂದಕ್ಕೆ ಬರಿಯ ಅನ್ನ ತರಕಾರಿ. ಆಗ ಒಂದೂವರೆಯಿಂದ ಮೂರೂವರೆಯವರೆಗೆ ಅವಳ ಕಾಲು ಅವಳದು. ಆ ಎರಡು ಗಂಟೆಯೊಳಗೆ ನಮ್ಮ ಕುಣಿತಗಳು ಬರಬೇಕು. ಶಾಲೆಯ ವೇಳಾಪತ್ರಿಕೆ ಹಾಕಿದ ಅನುಭವ ಇಲ್ಲಿ ಉಪಯೋಗಕ್ಕೆ ಬಂತು. ಬೋಲ್ಟನ್ನಿನ ರೈಲು, ಪ್ರೆಸ್ಟನ್ನಿನ ದಾರಿ, ಹೋಟೆಲಿನ ಕೋಣೆ ಸಿಗುವ ಹೊತ್ತು, ಎಲ್ಲವೂ ಆ ಮೂರು ಮಾತ್ರೆಗಳ ಸುತ್ತ ಕೂತಿವೆ. ಸೋಲಾಪುರದಿಂದ ತಂದ ಶೇಂಗಾ ಚಟ್ನಿಯನ್ನು ರಾತ್ರಿಗೆ ಮುಂದೂಡಿದೆ. ಅದನ್ನೂ ಕೋಣೆಯ ಬಾಗಿಲು ಹಾಕಿಕೊಂಡೇ ತಿನ್ನಬೇಕು, ಏಕೆಂದರೆ ಗುಂಪಿನಲ್ಲಿ ಒಬ್ಬರಿಗೆ ಶೇಂಗಾ ಎಂದರೆ ಪ್ರಾಣಕ್ಕೇ ಅಪಾಯ. ನಮ್ಮ ಊರಿನ ಹೆಮ್ಮೆಯ ಪದಾರ್ಥ ಯಾರ ಪ್ರಾಣಕ್ಕಾದರೂ ಕುತ್ತಾದೀತೆಂದು ನಾವು ಕೇಳಿದ್ದು ಇದೇ ಮೊದಲು.

ಉಡುಪಿನ ವಿಷಯದಲ್ಲಿ ಅವಳದು ಇಳಕಲ್ ಸೀರೆಯೇ. ಪಾದ ಕಾಣುವಷ್ಟು ಮೇಲೆ ಉಟ್ಟು, ನೆರಿಗೆಗೆ ಎರಡು ಪಿನ್ನು, ಸೆರಗು ಸೊಂಟಕ್ಕೆ. ಚಪ್ಪಲಿ ಮಾತ್ರ ಬದಲಾಯಿತು. ರಬ್ಬರಿನ ಅಟ್ಟೆ ನೆಲವನ್ನು ಹಿಡಿದುಕೊಳ್ಳುತ್ತದೆ. ಜಾರದಂತೆ, ಅಂಟದಂತೆ ಇರುವುದು ಚರ್ಮದ ಅಟ್ಟೆ. ಹಿಮ್ಮಡಿಗೆ ಪಟ್ಟಿಯಿರುವ ಕಂದು ಬಣ್ಣದ ಷೂ ಒಂದನ್ನು ಮಗಳು ಹಳೆಯ ಸಾಮಾನುಗಳ ಅಂಗಡಿಯಿಂದ ತಂದಳು. ಯಾರೋ ಎಷ್ಟೋ ವರ್ಷ ಕುಣಿದು ಬಿಟ್ಟದ್ದು. ಅಟ್ಟೆ ಒಂದೇ ಕಡೆ ಸವೆದಿದೆ.

ಇಷ್ಟರ ನಡುವೆ ಮಗಳು ನಮ್ಮಿಬ್ಬರ ಫೋಟೋ ಒಂದನ್ನು ಮನೆಮಂದಿಯ ವಾಟ್ಸಾಪಿಗೆ ಹಾಕಿಬಿಟ್ಟಳು. ಅವಳ ಕೈ ನನ್ನ ಬೆನ್ನ ಮೇಲೆ, ನನ್ನ ಕೈ ಅವಳ ಹೆಗಲ ಮೇಲೆ. ಅರ್ಧ ದಿನ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅವಳ ತಮ್ಮನೊಬ್ಬ, ಈ ವಯಸ್ಸಿನಲ್ಲಿ ಇದು ಶೋಭಿಸುವುದೇ, ನಾಲ್ಕು ಜನ ನೋಡಿದರೆ ಏನೆಂದಾರು ಎಂದು ಬರೆದ. ಬೆರಳು ನಡುಗುವುದರಿಂದ ಅವಳು ಫೋನಿನಲ್ಲಿ ಅಕ್ಷರ ಒತ್ತಲಾರಳು, ಮಾತನ್ನೇ ಮುದ್ರಿಸಿ ಕಳುಹಿಸಿದಳು: “ಆ ನಾಕು ಮಂದಿಗೆ ಹೇಳು, ನಾ ಬಿದ್ದಾಗ ಎತ್ತಾಕ ಬರ್ರಿ ಅಂತ.” ತಮ್ಮ ಮರುದಿನ ಫೋನು ಮಾಡಿ ಅಕ್ಕನ ಆರೋಗ್ಯ ವಿಚಾರಿಸಿದ. ಫೋಟೋದ ಮಾತೆತ್ತಲಿಲ್ಲ.

ಮಗಳಿಗೂ ಒಳಗೊಳಗೆ ಅಂಜಿಕೆ ಇದೆ. ಕಳೆದ ವಾರ ಮೂರು ದಿನ ಅವಳ ತಾಯಿಗೆ ಅಷ್ಟು ಚೆನ್ನಾಗಿರಲಿಲ್ಲ. ಮಾತ್ರೆಯ ಪ್ರಭಾವ ಎರಡು ಗಂಟೆಯ ಬದಲು ಒಂದೂಕಾಲು ಗಂಟೆಗೇ ಇಳಿಯತೊಡಗಿತು. ರೋಗದ ದಾರಿಯೇ ಅಂಥದು, ವರ್ಷ ಕಳೆದಂತೆ ಈ ಅವಧಿ ಕಿರಿದಾಗುತ್ತ ಹೋಗುತ್ತದೆಂದು ಸೋಲಾಪುರದ ವೈದ್ಯರು ಮೊದಲೇ ಹೇಳಿದ್ದರು. ಮುಂದಿನ ವರ್ಷ ಮತ್ತೆ ಬನ್ನಿ, ಆಗ ಹೋಗೋಣ, ಈಗ ವಿಶ್ರಾಂತಿ ತೆಗೆದುಕೊ ಅವ್ವಾ ಎಂದು ಮಗಳು ಮೆಲ್ಲಗೆ ಹೇಳಿದಳು. ಹೆಂಡತಿ ಷೂವಿನ ಪಟ್ಟಿ ಹಾಕಿಕೊಳ್ಳುತ್ತಿದ್ದವಳು ತಲೆಯೆತ್ತದೆ, “ಮುಂದಿನ ವರ್ಷ ಅನ್ನೂದು ನನ್ನ ಮುಂದ ಯಾರೂ ಆಡಬ್ಯಾಡ್ರಿ. ಒಂದೂಕಾಲು ತಾಸು ಅಂದ್ರ ಒಂದೂಕಾಲು ತಾಸು” ಎಂದಳು. ನಾನು ವೇಳಾಪತ್ರಿಕೆಯನ್ನು ತಿದ್ದಿ ಬರೆದೆ. ಮೂರು ಕುಣಿತಗಳ ಬದಲು ಎರಡು, ನಡುವಿನ ವಿರಾಮ ಹತ್ತು ನಿಮಿಷ, ಮೊದಲನೆಯದು ವಾಲ್ಟ್ಸ್.

ಮೊನ್ನೆ ಗುರುವಾರ ಹಿರಿಯೆ ಹೊರಡುವವರ ಪಟ್ಟಿಯನ್ನು ಅಂತಿಮಗೊಳಿಸಿದರು. ಆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಅಂಕಣಗಳಿವೆ: ನಡೆಸುವವರು, ಅನುಸರಿಸುವವರು. ಹಿಂದಿನ ವರ್ಷಗಳ ಪುಟಗಳಲ್ಲಿ ಮೊದಲ ಅಂಕಣದ ತುಂಬ ಹೆಚ್ಚಾಗಿ ಗಂಡಸರ ಹೆಸರು. ನನ್ನ ಹೆಂಡತಿ ಪೆನ್ನು ತೆಗೆದುಕೊಂಡು ತಾನೇ ಬರೆಯುತ್ತೇನೆಂದಳು. ಈ ರೋಗದಲ್ಲಿ ಅಕ್ಷರಗಳು ಬರೆಯುತ್ತ ಬರೆಯುತ್ತ ಚಿಕ್ಕದಾಗುತ್ತವೆ. ಅವಳ ಹೆಸರು ಜೋಳದ ಕಾಳಿನಷ್ಟರಿಂದ ಶುರುವಾಗಿ ಸಾಸಿವೆಯಲ್ಲಿ ಮುಗಿಯಿತು. ಕನ್ನಡದಲ್ಲೇ ಬರೆದಿದ್ದಾಳೆ. ಓದಲು ಬಾರದ ಹಿರಿಯೆ ಅದರ ಮೇಲೆ ಏನನ್ನೂ ಬರೆಯದೆ, ಎದುರಿನ ಅಂಕಣದಲ್ಲಿ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು, ರೈಲು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಅರ್ಧ ಗಂಟೆ ಮೊದಲೇ ನಿಲ್ದಾಣದಲ್ಲಿರಿ ಎಂದರು.